ನೂಲು ಕಟ್ಟಿದ ಕೇಬಲ್ಲು

ಕಿಟಕಿಗಳೆರಡನ್ನೂ ತೆರೆದು, ಮಡಚಿದ ಪತ್ರಿಕೆಯಿಂದ ಗಾಳಿ ಬೀಸಿ ಬೀಸಿ ರಟ್ಟೆ ಸೋತರೂ ವಾಸನೆ ಕೋಣೆ ಬಿಟ್ಟು ಹೋಗಲಿಲ್ಲ. ಸುಟ್ಟ ರಬ್ಬರಿನದೋ, ಇಸ್ತ್ರಿಪೆಟ್ಟಿಗೆಯಡಿ ಸಿಕ್ಕ ಉಣ್ಣೆಯದೋ ಹೇಳಲಾಗದ ವಾಸನೆ. ಪರದೆಗಳಿಗೆ, ದಿಂಬಿಗೆ, ಅವನ ಅಂಗಿಯ ಕಾಲರಿಗೂ ಅಂಟಿಕೊಂಡಂತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ಹೆಂಡತಿ ಮಿಲ್ಲಿನಿಂದ ಬರುವುದು ಐದಕ್ಕೆ. ವಾರಕ್ಕೊಂದು ದಿನ, ಮಂಗಳವಾರ, ತಾನು ಬರೆದ ಪರದೆ ಬಟ್ಟೆಯ ಚಿತ್ತಾರಗಳನ್ನು ತೋರಿಸಲು ಅವಳು ಮಿಲ್ಲಿಗೆ ಹೋಗುತ್ತಾಳೆ. ಉಳಿದ ದಿನಗಳಲ್ಲಿ ಈ ಕೋಣೆಯಲ್ಲೇ, ಈ ಕಂಪ್ಯೂಟರಿನ ಮುಂದೆಯೇ ಅವಳ ದುಡಿಮೆ. ಜ್ವರವೆಂದು ಅವನು ಆಫೀಸಿಗೆ ಹೇಳಿದ ಸುಳ್ಳನ್ನು ಅವಳೂ ನಂಬಿ, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ, ಹಣೆ ಮುಟ್ಟಿ ನೋಡಿ ಹೋಗಿದ್ದಳು. ಹಣೆ ತಣ್ಣಗಿತ್ತು. ಆದರೂ ನಂಬಿದಳು. ಅಷ್ಟು ಸುಲಭವಾಗಿ ಯಾಕೆ ನಂಬಿದಳು ಎಂದು ಅವನು ಒಂದು ಗಂಟೆ ಹಾಸಿಗೆಯಲ್ಲೇ ಬಿದ್ದು ಯೋಚಿಸಿದ್ದ. ಆಮೇಲೆ ಎದ್ದು ಬಂದು ಅವಳ ಕುರ್ಚಿಯಲ್ಲಿ ಕೂತು, ಮಷಿನ್ ಹಾಕಿ, 'ಕೊಡಬಾರದ್ದು' ಎಂಬ ಹೆಸರಿನ ಫೋಲ್ಡರು ಕೇಳಿದ ಗುಪ್ತಪದಕ್ಕೆ ಮೊದಲು ಮದುವೆಯ ತಾರೀಖು, ಆಮೇಲೆ ಅವಳ ಹುಟ್ಟಿದ ದಿನ, ಆಮೇಲೆ ತನ್ನದು, ಆಮೇಲೆ ಮಿಲ್ಲಿನ ಹೆಸರು ಕೊಟ್ಟ. ಐದನೆಯದಾಗಿ ಮಿಲ್ಲಿನ ಬಣ್ಣದ ಮೇಷ್ಟ್ರ ಹೆಸರಿನ ಮೊದಲ ಅಕ್ಷರ ಒತ್ತಿದ್ದೇ ತಡ, ಮೇಜಿನ ಕೆಳಗಿನ ಡಬ್ಬದಿಂದ ಟಪ್ ಎಂದು ಸದ್ದು ಬಂತು. ಕಂಪ್ಯೂಟರಿನ ಪರದೆ ಕಪ್ಪಾಯಿತು. ಆ ಅಕ್ಷರಕ್ಕೇ ಹಾಗಾಯಿತೆಂದು ಒಂದು ಕ್ಷಣ ಅವನಿಗೆ ಖಂಡಿತ ಅನ್ನಿಸಿತು.

ಇಪ್ಪತ್ತಮೂರು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ಅಂಗಡಿ ಅಂಗಡಿ ಅಲೆದವನಿಗೆ ಅನುಮಾನವೆಂಬುದು ಸಂಬಳ ತರುವ ವಿದ್ಯೆ. ತಕ್ಕಡಿಯ ಮುಳ್ಳಿಗಿಂತ ಮೊದಲು ಅಂಗಡಿಯವನ ಕಣ್ಣು ನೋಡಬೇಕು ಎಂದು ಹೊಸದಾಗಿ ಸೇರಿದವರಿಗೆ ಅವನೇ ಪಾಠ ಹೇಳುವುದುಂಟು. ಆ ವಿದ್ಯೆಯನ್ನು ಮನೆಯ ಹೊಸ್ತಿಲ ಹೊರಗೆ ಬಿಟ್ಟು ಬರಬೇಕೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಚಪ್ಪಲಿಯ ಹಾಗೆ ಬಿಟ್ಟು ಬರುವುದಕ್ಕೆ ಅದು ಹೊರಗಿನ ವಸ್ತುವಾಗಿ ಉಳಿದಿರಲಿಲ್ಲ. ಈ ಎರಡು ವಾರದಲ್ಲಿ ಮೂರು ಸಲ. ಮೂರು ಸಲವೂ ಸಂಜೆ ಆಫೀಸಿನಿಂದ ಬಂದವನು ಈ ಕೋಣೆಯ ಬಾಗಿಲಲ್ಲಿ ಕಾಲಿಟ್ಟು ದೀಪ ಹಾಕುವುದಕ್ಕೂ ಅವಳ ಮುಂದಿನ ಪರದೆ ಕಪ್ಪಾಗುವುದಕ್ಕೂ ಸರಿಹೋಗಿತ್ತು. ಅವಳು ಬಣ್ಣ ಸರಿಯಾಗಿ ಕಾಣಬೇಕೆಂದು ದೀಪ ಹಾಕದೆ ಮಬ್ಬಿನಲ್ಲೇ ಕೂತು ಬರೆಯುವವಳು. ಬಂದವನೇ ದೀಪ ಹಾಕುವುದು ಅವನ ಅಭ್ಯಾಸ. ಕತ್ತಲಲ್ಲಿ ಕೂತವರನ್ನು ಕಂಡರೆ ಅವನಿಗಾಗದು. ಮೂರು ಸಲವೂ ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದಳು. "ಮುಗೀತಾ?" ಅಂತ ಕೇಳಿದ್ದಕ್ಕೆ, "ಹೂಂ, ಇವತ್ತಿಗೆ ಸಾಕು" ಅಂದಿದ್ದಳು. ಕೈ ಮಡಿಲಲ್ಲಿದ್ದುದೇ ಅವನಿಗೆ ಮುಳ್ಳಾಯಿತು. ತಪ್ಪು ತೂಕ ಕೊಟ್ಟವರು ಕೈಯನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ, ನೋಡಿ ಸ್ವಾಮಿ ಮುಟ್ಟಿಯೇ ಇಲ್ಲ ಎನ್ನುವ ಹಾಗೆ. ಮೇಲಾಗಿ ಬಣ್ಣದ ಮೇಷ್ಟ್ರ ಫೋನು. ಮಿಲ್ಲಿನಲ್ಲಿ ನೂಲಿಗೆ ಬಣ್ಣ ಹಾಕಿಸುವ ಆ ಮನುಷ್ಯ ಹಸಿರೆಂದರೆ ಯಾವ ಹಸಿರು ಎಂದು ಕೇಳುವುದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾನೆ, ಇವಳು ನಗುತ್ತಾಳೆ. ಹಸಿರಿನಲ್ಲಿ ನಗುವಂಥದ್ದು ಏನಿರುತ್ತದೆ?

ವಾಸನೆ ಬಂದದ್ದು ಮಷಿನ್ನಿನ ಹಿಂಬದಿಯ ಜಾಲರಿಯಿಂದ. ಕಳೆದ ವರ್ಷ ಆಫೀಸಿನ ಮಷಿನ್ನಿಗೂ ಹೀಗೇ ಆಗಿ, ಕರೆಂಟನ್ನು ಒಳಕ್ಕೆ ಹಂಚುವ ಪವರ್ ಸಪ್ಲೈ ಡಬ್ಬಿ ಬದಲಾಯಿಸಿದ್ದನ್ನು ಅವನು ಪಕ್ಕದಲ್ಲಿ ನಿಂತು ನೋಡಿದ್ದ. ಅಷ್ಟು ನೋಡಿದ್ದು ಈಗ ಧೈರ್ಯವಾಯಿತು. ಐದರೊಳಗೆ ಅಂಥದೇ ಇನ್ನೊಂದು ಡಬ್ಬಿ ತಂದು, ಇದ್ದ ಹಾಗೇ ಕೂರಿಸಿ, ಕುರ್ಚಿಯನ್ನು ಇದ್ದ ಕೋನದಲ್ಲೇ ಇಟ್ಟುಬಿಟ್ಟರೆ ಅವಳಿಗೆ ತಿಳಿಯುವುದಿಲ್ಲ. ತಿಳಿದರೆ? ಹೆಂಡತಿಯ ಮೇಜಿನಲ್ಲಿ ಕಳ್ಳನ ಹಾಗೆ ಹುಡುಕಿದ ಗಂಡ ಎಂದು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಊಟ ಬಡಿಸುತ್ತಾಳೆ, ಹಾಸಿಗೆ ಹಾಸುತ್ತಾಳೆ, ಆದರೆ ಹನ್ನೊಂದು ವರ್ಷದ ಸಂಸಾರದಲ್ಲಿ ಇವನ ಹಣೆ ಮುಟ್ಟಿ ನೋಡಿ ಹೋಗುವ ಆ ಕೈ ಇನ್ನು ಬರುವುದಿಲ್ಲ. ಅದನ್ನು ನೆನೆದು ಅವನಿಗೆ ನಿಜಕ್ಕೂ ಭಯವಾಯಿತು.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದ. ಒಳಗೆ ನೋಡಿದರೆ ದೂಳಿಲ್ಲ, ಸಿಕ್ಕಿಲ್ಲ. ಅವಳ ಬೀರುವಿನಷ್ಟೇ ಓರಣ. ಡಬ್ಬಿಯಿಂದಲೇ ಹೊರಟ ದಪ್ಪ ಕೇಬಲ್ಲುಗಳು ಹಿಂದಿನಿಂದ ಹಾದು ತಮ್ಮ ಜಾಗ ಸೇರಿದ್ದವು. ಅವಳ ಚಿತ್ತಾರಗಳೆಲ್ಲ ಉಳಿದಿರುವ ಎರಡು ಡಿಸ್ಕುಗಳಿಗೆ ಹೋಗುವ ತೆಳ್ಳನೆಯ ಕೇಬಲ್ಲು ಮಾತ್ರ ಬೇರೆ. ಅದನ್ನು ಡಬ್ಬಿಯಿಂದ ಕಿತ್ತು ಬಿಡಿಸಬಹುದಿತ್ತು. ಆ ಕೇಬಲ್ಲನ್ನು ಅವಳು ಇಟ್ಟಿಗೆ ಕೆಂಪಿನ ನೂಲಿನಿಂದ ಒಳಗಿನ ಚೌಕಟ್ಟಿಗೆ ಏಳು ಕಡೆ ಕಟ್ಟಿದ್ದಳು. ಒಂದೊಂದು ಗಂಟೂ ಸಾಸಿವೆಯಷ್ಟು. ಮಗ್ಗದಲ್ಲಿ ಎಳೆ ಹರಿದಾಗ ನೇಯುವವರು ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯುವಂಥದ್ದು. ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಅವನ ಹೆಬ್ಬೆರಳಿನ ಮೇಲೆ ನೂಲು ಸುತ್ತಿ ಅದನ್ನು ಕಲಿಸಲು ನೋಡಿದ್ದಳು. "ಈ ತುದಿ ಕೆಳಗೆ, ಇದು ಮೇಲೆ, ಈಗ ಹೆಬ್ಬೆರಳು ತೆಗೀರಿ." ಮೂರು ಸಲ ತೆಗೆದ, ಮೂರು ಸಲವೂ ಬರೀ ನೂಲು ಉಳಿಯಿತು. ಅವಳು ನಕ್ಕಳು. "ನನಗೇನು ಬೇರೆ ಕೆಲಸ ಇಲ್ವಾ" ಎಂದು ಎದ್ದು ಹೋಗಿದ್ದ. ಅವಳು ನಕ್ಕದ್ದು ಗಂಟಿಗೋ ತನಗೋ ಎಂಬುದು ಅಂದಿನಿಂದ ಇಂದಿನವರೆಗೂ ಇತ್ಯರ್ಥವಾಗದೆ ಉಳಿದಿತ್ತು. ಅವನು ತೆಳ್ಳನೆಯ ಕೇಬಲ್ಲನ್ನು ಡಬ್ಬಿಯ ಬದಿಯಲ್ಲಿ ಮಾತ್ರ ಕಿತ್ತು, ಗಂಟುಗಳ ತಂಟೆಗೆ ಹೋಗದೆ, ಉಳಿದದ್ದನ್ನು ಬಿಚ್ಚಿ ಸತ್ತ ಡಬ್ಬಿಯನ್ನು ಹೊರತೆಗೆದ.

ಅದನ್ನು ಹಾಕಿಕೊಂಡದ್ದು ಇಲಾಖೆಯ ಚೀಲದಲ್ಲಿ, ತೂಕದ ಕಲ್ಲುಗಳನ್ನು ಹೊತ್ತೊಯ್ಯುವ ಗಟ್ಟಿ ಬಟ್ಟೆಯ ಚೀಲ. ಮನೆಯ ಹತ್ತಿರವೇ ಕಂಪ್ಯೂಟರ್ ಅಂಗಡಿಯೊಂದಿತ್ತು. ಅಲ್ಲಿಯವರಿಗೆ ಹೆಂಡತಿಯ ಪರಿಚಯ. ತಲೆ ತಗ್ಗಿಸಿ ಅದನ್ನು ದಾಟಿದ. ಬಸ್ಸು ಹಿಡಿದು ಊರಿನ ಆ ತುದಿಗೆ, ರಿಪೇರಿ ಅಂಗಡಿಗಳ ಬೀದಿಗೆ ಹೋಗಬೇಕು. ದಾರಿಯಲ್ಲಿ ಬಸ್ಸು ಮೊಳೆ ಅಂಗಡಿಯ ಮೂಲೆಗೆ ತಿರುಗಿದಾಗ ಅಭ್ಯಾಸದಂತೆ ಇನ್ನೊಂದು ಕಿಟಕಿಯತ್ತ ಮುಖ ಮಾಡಿದ. ಆರು ವರ್ಷದ ಹಿಂದೆ ಆ ಅಂಗಡಿಯ ತಕ್ಕಡಿ ಹಗುರ ತೂಗುತ್ತದೆಂದು ಮೊಹರು ಹಾಕಿ ಎತ್ತಿಕೊಂಡು ಬಂದವನು ಅವನೇ. ಅಂಗಡಿಯವನು ಜಗಳವಾಡಲಿಲ್ಲ. ಕಣ್ಣು ತಪ್ಪಿಸಿ ನೆಲ ನೋಡುತ್ತ, "ನಿಮ್ಮ ಕಲ್ಲು ಸರಿ ಇದೆಯಾ ಅಂತ ಒಂದ್ಸಲ ನೋಡ್ಕೊಳ್ಳಿ ಸಾರ್" ಅಂದ. ಕಣ್ಣು ತಪ್ಪಿಸಿದ್ದರಿಂದಲೇ ಇವನಿಗೆ ಖಾತ್ರಿಯಾಯಿತು. ನಾಲ್ಕು ತಿಂಗಳ ನಂತರ ವರ್ಷದ ತಪಾಸಣೆಯಲ್ಲಿ ಗೊತ್ತಾಯಿತು, ಚೀಲದಲ್ಲಿದ್ದ ಇಲಾಖೆಯ ಕಲ್ಲೇ ತಳಕ್ಕೆ ಮೊಹರಿನ ಅರಗು ಮೆತ್ತಿ ಭಾರವಾಗಿತ್ತು. ಇವನು ಸದ್ದಿಲ್ಲದೆ ಕಲ್ಲು ಬದಲಾಯಿಸಿಕೊಂಡ. ವರದಿಯನ್ನು ಬದಲಾಯಿಸಲಿಲ್ಲ. ಈಗಲೂ ಆ ಅಂಗಡಿಯವನು ಗಿರಾಕಿಗಳ ಎದುರು ಎರಡೆರಡು ಸಲ ತೂಗಿ ತೋರಿಸುತ್ತಾನಂತೆ, ಯಾರೂ ಕೇಳದಿದ್ದರೂ. ಅದನ್ನು ಇವನಿಗೆ ಹೇಳಿದವಳು ಹೆಂಡತಿ. ಯಾಕೆ ಹೇಳಿದಳು?

ರಿಪೇರಿ ಬೀದಿಯಲ್ಲಿ ಅವನು ಆರಿಸಿಕೊಂಡ ಅಂಗಡಿಯವನ ಹಣೆಯ ಮೇಲೆ ದಪ್ಪ ಭೂತಗನ್ನಡಿಯೊಂದು ಪಟ್ಟಿಯಿಂದ ಕಟ್ಟಿಕೊಂಡು ಕೂತಿತ್ತು. ಅದನ್ನು ಕಣ್ಣಿಗಿಳಿಸಿದಾಗ ಒಂದು ಕಣ್ಣು ನಿಂಬೆಹಣ್ಣಿನಷ್ಟಾಗುತ್ತಿತ್ತು. ಇವನು ಅಲ್ಲೇ ಮನಸ್ಸಿನಲ್ಲಿ ಅವನಿಗೆ ಭೂತಗನ್ನಡಿ ಎಂದೇ ಹೆಸರಿಟ್ಟ. ಭೂತಗನ್ನಡಿ ಸತ್ತ ಡಬ್ಬಿಯನ್ನು ತಿರುಗಿಸಿ ಮುರುಗಿಸಿ, ಜಾಲರಿಗೆ ಮೂಗು ಹಿಡಿದು, ತೃಪ್ತಿಯಿಂದಲೋ ಎಂಬಂತೆ ತಲೆಯಾಡಿಸಿದ.

"ಎಷ್ಟು ವಾಟಿಂದು ಬೇಕು ಸಾರ್?"

"ಇದಕ್ಕೆ ಸರಿಹೋಗೋದು. ನೋಡೋಕೂ ಹೀಗೇ ಇರಬೇಕು."

"ನೋಡೋಕಾ?" ಅಂಗಡಿಯವನು ನಿಂಬೆಹಣ್ಣಿನ ಕಣ್ಣಿನಿಂದ ಇವನನ್ನು ನೋಡಿದ. "ಕ್ಯಾಬಿನೆಟ್ ಒಳಗಿರೋದನ್ನ ಯಾರು ನೋಡ್ತಾರೆ?"

ಭೂತಗನ್ನಡಿ ಎರಡು ಡಬ್ಬಿ ತಂದು ಮುಂದಿಟ್ಟ. ಎರಡೂ ಕಪ್ಪು, ಎರಡಕ್ಕೂ ಅಷ್ಟೇ ಅಗಲದ ಫ್ಯಾನು. ಅದೇ ಕಂಪನಿಯದು ಸಿಗುವುದಿಲ್ಲ, ಬರುವುದು ನಿಂತು ಕಾಲವಾಯಿತು ಎಂದ. ಇವನು ಒಂದೊಂದನ್ನು ಒಂದೊಂದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಈ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಎಡಗೈಯದು ಭಾರ, ಎದ್ದು ಕಾಣುವಷ್ಟು. ಹಗುರದ್ದನ್ನು ಅಂಗಡಿಯವನು ಇವನ ಬಲಗೈ ಹತ್ತಿರವೇ ಇಟ್ಟಿದ್ದ. ಅಂದರೆ ಅದನ್ನೇ ಸಾಗಹಾಕುವ ಇರಾದೆ. "ಇದನ್ನೇ ಕೊಡಿ" ಎಂದು ಭಾರದ್ದನ್ನು ಮುಂದೆ ನೂಕಿದ. ಭೂತಗನ್ನಡಿ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಬೆಂಚಿನ ಕೆಳಗಿಂದ ಹೊಟ್ಟೆ ಸೀಳಿದ ಇನ್ನೊಂದು ಡಬ್ಬಿ ತೆಗೆದು ತೋರಿಸಿದ. ಒಳಗೆ ನಾಲ್ಕಾರು ಬಡಕಲು ಬಿಡಿಭಾಗಗಳು, ಅವುಗಳ ಪಕ್ಕದಲ್ಲಿ ಅಂಟಿಸಿದ ಸಿಮೆಂಟಿನ ಒಂದು ಹೆಂಟೆ.

"ಕೈಯಲ್ಲಿ ತೂಗಿ ತಗೊಳ್ಳೋರಿಗೆ ತೋರಿಸೋಕೆ ಅಂತಲೇ ಇದನ್ನ ಇಟ್ಕೊಂಡಿದೀನಿ ಸಾರ್. ಭಾರ ಇದ್ದರೆ ಒಳ್ಳೇದು ಅಂತ ಜನಕ್ಕೆ ಗೊತ್ತಾಯ್ತು, ಮಾಡೋರಿಗೂ ಅದು ಗೊತ್ತಾಯ್ತು. ನೀವು ಹಿಡಿದಿದ್ದೂ ಅದೇ ಜಾತಿ. ಇನ್ನೊಂದು ತಗೊಳ್ಳಿ."

ಕಿವಿ ಬಿಸಿಯಾಯಿತು. ತೂಕದವನನ್ನು ತೂಕದಲ್ಲೇ ಮೋಸಗೊಳಿಸುವ ಡಬ್ಬಿ. ಅದನ್ನು ಮಾರಲೆಂದು ಇಟ್ಟುಕೊಂಡವನೇ ತೆಗೆದುಕೊಳ್ಳಬೇಡಿ ಎನ್ನುತ್ತಾನಲ್ಲ, ಇದು ಯಾವ ಸೀಮೆಯ ವ್ಯಾಪಾರ? ಒಂದು ಸಣ್ಣ ಸತ್ಯ ಹೇಳಿ ದೊಡ್ಡದನ್ನು ದಾಟಿಸುವವರನ್ನು ಅವನು ಬೇಕಾದಷ್ಟು ಕಂಡಿದ್ದ.

"ಮಷಿನ್ನಲ್ಲಿ ಏನೇನಿದೆ? ಡಿಸ್ಕು ಎಷ್ಟು? ಗ್ರಾಫಿಕ್ಸ್ ಕಾರ್ಡು ಇದೆಯಾ?" ಭೂತಗನ್ನಡಿ ಚೀಟಿ, ಪೆನ್ಸಿಲ್ಲು ಹಿಡಿದು ಕೇಳಿದ.

"ಮಷಿನ್ ನಂದಲ್ಲ. ಮನೆಯವಳದು."

"ಹಾಗಾದ್ರೆ ಅವರಿಗೇ ಒಂದು ಫೋನ್ ಹಾಕಿ."

ಇವನು ಫೋನು ತೆಗೆದು, ಯಾವ ಗುಂಡಿಯನ್ನೂ ಒತ್ತದೆ ಕಿವಿಗಿಟ್ಟ. "ಹಲೋ. ನಾನೇ. ಡಿಸ್ಕು ಎಷ್ಟಿವೆ? ಎರಡಾ? ಹೂಂ." ಬೆಳಿಗ್ಗೆ ತಾನೇ ಕಣ್ಣಾರೆ ಕಂಡದ್ದು, ತಪ್ಪುವ ಹಾಗಿರಲಿಲ್ಲ. "ಕಾರ್ಡು? ಫ್ಯಾನ್ ಇರೋದಾ? ಸರಿ ಸರಿ, ಚಿಕ್ಕದು." ತನ್ನ ದನಿ ತನಗೇ ಸಹಜವೆನಿಸಿ, ಇನ್ನಷ್ಟು ಸಹಜವಾಗಲೆಂದು, "ಊಟ ಆಯ್ತಾ?" ಎಂದೂ ಕೇಳಿದ. ಆಗಲೇ ಕಿವಿಯಲ್ಲಿದ್ದ ಫೋನು ಗಂಟಲು ಹರಿದುಕೊಂಡು ಬಡಿದುಕೊಳ್ಳತೊಡಗಿತು. ಭೂತಗನ್ನಡಿ ತಲೆ ತಗ್ಗಿಸಿ ಸ್ಕ್ರೂಗಳ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ. ಆ ಮರ್ಯಾದೆ ಇವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಫೋನಿನಲ್ಲಿ ಹೆಂಡತಿ. "ಜ್ವರ ಹೇಗಿದೆ? ಏನದು ಸದ್ದು, ಹೊರಗಿದ್ದೀರಾ?"

"ಮಾತ್ರೆ ತರೋಕೆ ಬಂದೆ."

"ಈ ಬಿಸಿಲಲ್ಲಿ ಯಾಕೆ ಹೋದ್ರಿ, ನಾನೇ ತರ್ತಿದ್ದೆ. ಇವತ್ತು ಇಲ್ಲಿ ಬೇಗ ಮುಗಿಯುತ್ತೆ. ದಾರೀಲಿ ಒಂದು ಸಾಮಾನು ತಗೊಳ್ಳೋದಿದೆ, ತಗೊಂಡು ನಾಲ್ಕಕ್ಕೆಲ್ಲ ಬಂದ್ಬಿಡ್ತೀನಿ. ಮಲಗಿ ನೀವು."

ಏನು ಸಾಮಾನು ಎಂದು ಕೇಳುವಷ್ಟರಲ್ಲಿ ಅವಳ ಹಿಂದೆ ಯಾರೋ ಗಂಡಸಿನ ದನಿ, ಮಗ್ಗಗಳ ಗದ್ದಲ, ಫೋನು ಕಟ್ಟಾಯಿತು. ಹೆಸರು ಹೇಳಬಾರದಂಥ ಸಾಮಾನು ಯಾವುದು? ಗಡಿಯಾರದಿಂದ ಒಂದು ಗಂಟೆ ಉದುರಿಹೋಗಿತ್ತು. ಭೂತಗನ್ನಡಿ ಅಷ್ಟರಲ್ಲಿ ಸತ್ತ ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗೆ ಊದಿಕೊಂಡು ನೆತ್ತಿ ಒಡೆದಿದ್ದ, ಕರೆಂಟು ಹಿಡಿದಿಡುವ ಪುಟ್ಟ ಉರುಳೆಗಳನ್ನು ಪೆನ್ಸಿಲ್ಲಿನ ತುದಿಯಿಂದ ತೋರಿಸಿದ.

"ಇದು ಇವತ್ತೇ ಹೋಗಿದ್ದಲ್ಲ ಸಾರ್. ಎರಡು ಮೂರು ವಾರದಿಂದ ತಾನಾಗೇ ಆಫ್ ಆಗ್ತಿರಬೇಕು. ಈ ಸ್ಥಿತೀಲಿ ಮನೇಲಿ ಯಾರಾದ್ರೂ ಒಂದು ಟ್ಯೂಬ್‌ಲೈಟ್ ಸ್ವಿಚ್ ಹಾಕಿದ್ರೂ ಸಾಕು, ಆ ಏಟಿಗೇ ಮಲಗಿಬಿಡುತ್ತೆ. ಮೇಡಂ ಹೇಳ್ಲಿಲ್ವಾ?"

"ಇಲ್ಲ."

ಇವನು ಪುಟ್ಟ ಉರುಳೆಗಳನ್ನೇ ನೋಡುತ್ತ ನಿಂತ. ಒಂದು ಕ್ಷಣ ಎದೆಯೊಳಗೆ ಏನೋ ಸಡಿಲವಾಯಿತು. ಬಾಗಿಲು, ತನ್ನ ಬೆರಳು, ಸ್ವಿಚ್ಚು, ಕಪ್ಪಾದ ಪರದೆ, ಅದರ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತವಳು. ಬರೆದದ್ದು ಹೋಯಿತಲ್ಲ ಎಂದು ಸುಮ್ಮನೆ ಕೂತವಳು. ಹಾಗೂ ಇರಬಹುದು. ಹಾಗೇ ಇದ್ದರೆ ಅವಳು ಹೇಳಬೇಕಿತ್ತಲ್ಲ, ನೀವು ದೀಪ ಹಾಕಿದಾಗ ಆಫ್ ಆಗುತ್ತೆ ಅಂತ. ಯಾಕೆ ಹೇಳಲಿಲ್ಲ? ಹೇಳಿದ್ದರೆ ಇವನು, ನಾನು ನನ್ನ ಮನೆಯಲ್ಲಿ ದೀಪ ಹಾಕಬಾರದಾ ಎಂದು ಕೂಗಾಡುತ್ತಿದ್ದ, ಅದು ಅವನಿಗೂ ಗೊತ್ತಿತ್ತು. ಆದರೆ ಈ ಅಂಗಡಿಯವನು ಆ ಕೋಣೆಯನ್ನು ನೋಡಿದವನಲ್ಲ, ಅವಳ ಕೈಯನ್ನು ನೋಡಿದವನಲ್ಲ. ಉರುಳೆ ಒಡೆಯಲಿ ಬಿಡಲಿ, ಫೋಲ್ಡರಿಗೆ 'ಕೊಡಬಾರದ್ದು' ಎಂದು ಹೆಸರಿಟ್ಟದ್ದು ಡಬ್ಬಿಯಲ್ಲ. ಸಡಿಲವಾದದ್ದು ಮತ್ತೆ ಬಿಗಿಯಿತು.

"ಇನ್ನೊಂದು ಮಾತು ಸಾರ್," ಭೂತಗನ್ನಡಿ ಹೊಸ ಡಬ್ಬಿಯನ್ನು ಪೆಟ್ಟಿಗೆಗೆ ಹಾಕುತ್ತ ಹೇಳಿದ. "ಹಳೇ ಕೇಬಲ್ಲು ಒಂದೂ ಉಳಿಸ್ಬೇಡಿ. ಡಿಸ್ಕಿಗೆ ಹೋಗೋದೂ ಇದರ ಜೊತೇಲೇ ಬಂದಿದೆ, ಇದನ್ನೇ ಹಾಕಿ. ಕಂಪನಿ ಬೇರೆ, ಪ್ಲಗ್ಗಿನೊಳಗೆ ತಂತಿ ಸಾಲೂ ಬೇರೆ ಇರುತ್ತೆ."

"ಪ್ಲಗ್ಗು ಸರಿಯಾಗಿ ಕೂತರೆ?"

"ಕೂರುತ್ತೆ ಸಾರ್, ಅದೇ ಕಷ್ಟ. ಕೂತ ಮಾತ್ರಕ್ಕೆ ಸರಿ ಅಂತಲ್ಲ. ನಿಜ ಹೇಳ್ಬೇಕು ಅಂದ್ರೆ ಮಷಿನ್ ಇಲ್ಲಿಗೇ ತಂದ್ಬಿಡಿ, ಹತ್ತು ನಿಮಿಷದಲ್ಲಿ ನಾನೇ ಹಾಕ್ಕೊಡ್ತೀನಿ. ಹಳೇ ಕೇಬಲ್ಲು ಮಾತ್ರ ಬೇಡ."

ಒಂದೇ ಮಾತನ್ನು ಎರಡು ಸಲ ಹೇಳುವವನ ಎರಡನೆಯ ಸಲವನ್ನು ಗಮನಿಸಬೇಕು. ಇದೂ ಹೊಸಬರಿಗೆ ಇವನು ಹೇಳಿಕೊಡುವ ಪಾಠ. ಈಗ ತಿಳಿಯಿತು. ಕೇಬಲ್ಲಿನ ಭಯ ಹುಟ್ಟಿಸಿ ಮಷಿನ್ನನ್ನೇ ಅಂಗಡಿಗೆ ತರಿಸುವುದು, ಆಮೇಲೆ ಅದು ಹೋಗಿದೆ ಇದು ಹೋಗಿದೆ ಎಂದು ಒಂದೊಂದೇ ಬಿಚ್ಚುವುದು. ಬೇಡ ಎಂದು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅಂಗಡಿಯವನು ಏನೋ ಕೂಗಿ ಹೇಳಿದ್ದು ಕೇಳಿಸಿತು, ತಿರುಗಲಿಲ್ಲ. ಫೋನಿನ ವಿಷಯ ಇರಬಹುದು, ನಗುತ್ತಿರಬಹುದು.

ಮನೆ ಸೇರಿದಾಗ ಮೂರಾಗಿತ್ತು. ಹೊಸ ಡಬ್ಬಿ ಹಳೆಯದರ ಜಾಗದಲ್ಲಿ ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು. ದಪ್ಪ ಕೇಬಲ್ಲುಗಳನ್ನು ಹಿಂದಿನಿಂದ ಹಾಯಿಸಿದ. ಬೆವರಿನಿಂದ ಕನ್ನಡಕ ಜಾರಿ ಜಾರಿ ಮೂಗಿನ ತುದಿಗೆ ಬಂತು. ಉಳಿದದ್ದು ಡಿಸ್ಕಿನ ಕೇಬಲ್ಲು. ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಪಕ್ಕಕ್ಕೆ ಹಿಡಿದು ನೋಡಿದ. ಅದೇ ಬಣ್ಣ, ಅದೇ ಉದ್ದ, ಅದೇ ಮೂತಿ. ಇದನ್ನು ಹಾಕಬೇಕಾದರೆ ಏಳು ಗಂಟು ಕತ್ತರಿಸಬೇಕು. ಕತ್ತರಿ ಅವಳ ಮೇಜಿನ ಮೇಲೇ ಇತ್ತು, ನೂಲಿನ ಉಂಡೆಯೂ ಇತ್ತು, ಅದೇ ಇಟ್ಟಿಗೆ ಕೆಂಪಿನದು. ನೂಲನ್ನು ಹೆಬ್ಬೆರಳಿಗೆ ಸುತ್ತಿ ನೋಡಿದ. ಈ ತುದಿ ಕೆಳಗೆ, ಇದು ಮೇಲೆ. ಹೆಬ್ಬೆರಳು ತೆಗೆದ. ಬರೀ ನೂಲು ಉಳಿಯಿತು. ಮತ್ತೊಂದು ಸಲ. ಐವತ್ತರ ಹತ್ತಿರದ ಮನುಷ್ಯ, ನಡುಹಗಲಲ್ಲಿ, ಸುಳ್ಳು ಜ್ವರದಲ್ಲಿ, ನೆಲದ ಮೇಲೆ ಮಂಡಿಯೂರಿ ಬೆರಳಿಗೆ ನೂಲು ಸುತ್ತಿಕೊಂಡು ಕೂತಿದ್ದಾನೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಬೇರೆ ಯಾವ ಗಂಟು ಹಾಕಿದರೂ ಅವಳಿಗೆ ಗೊತ್ತಾಗುತ್ತದೆ. ಬಟ್ಟೆಯ ಮೇಲೆ ಕೈಯಾಡಿಸಿ ಯಾವ ಎಳೆ ಎಲ್ಲಿ ತಪ್ಪಿದೆ ಎಂದು ಕಣ್ಣು ಮುಚ್ಚಿ ಹೇಳುವ ಹೆಂಗಸು ಅವಳು. ಅವಳ ಕೈಗಂಟನ್ನು ಇವನು ಮುಟ್ಟಿದ್ದು ತಿಳಿದ ಮೇಲೆ ಯಾಕೆ ಮುಟ್ಟಿದ, ಯಾವಾಗ ಮುಟ್ಟಿದ ಎಂಬುದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಕೇಬಲ್ಲಾದರೆ ಹನ್ನೊಂದು ವರ್ಷದಿಂದ ಅಲ್ಲೇ ಇದೆ, ಇಷ್ಟು ದಿನ ಕರೆಂಟು ಕೊಟ್ಟಿದೆ. ಯಾರನ್ನು ನಂಬುವುದು, ಅವಳ ಕೇಬಲ್ಲನ್ನೋ ನಿಂಬೆಹಣ್ಣಿನ ಕಣ್ಣಿನವನನ್ನೋ? ಇಡೀ ದಿನದಲ್ಲಿ ಅವನು ಹೆಂಡತಿಯದೆಂದು ಏನನ್ನಾದರೂ ನಂಬಿದ್ದು ಅದೊಂದನ್ನೇ.

ಹಳೆಯ ಕೇಬಲ್ಲಿನ ಬಿಡಿ ತುದಿಯನ್ನು ಹೊಸ ಡಬ್ಬಿಯ ತೂತಿಗೆ ಹಿಡಿದು ಒತ್ತಿದ. ಕಿಟಕ್ ಎಂದು ಕೂತಿತು, ಅಳತೆ ಕೊಟ್ಟು ಹೊಲಿಸಿದ ಹಾಗೆ. ನೋಡಿದೆಯಾ ಎಂದು ಭೂತಗನ್ನಡಿಗೆ ಮನಸ್ಸಿನಲ್ಲೇ ಅಂದ. ಗುಂಡಿ ಒತ್ತಿದ. ಫ್ಯಾನು ತಿರುಗಿತು, ಹಸಿರು ದೀಪ ಹತ್ತಿತು, ಅವನ ಮೈಯಲ್ಲಿ ಬೆಳಿಗ್ಗೆಯಿಂದ ಸಿಕ್ಕಿಕೊಂಡಿದ್ದ ಉಸಿರು ಹೊರಗೆ ಬಂತು. ಆಮೇಲೆ ಗಂಟುಗಳಿದ್ದ ಕಡೆಯಿಂದ ಚಟ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಚಟ್. ಎಳೆಯಷ್ಟು ತೆಳ್ಳಗೆ ಹೊಗೆ ಎದ್ದು, ಕೆಂಪು ನೂಲನ್ನು ಸವರಿಕೊಂಡು ಮೇಲೆ ಹೋಯಿತು. ಫ್ಯಾನು ಮಾತ್ರ ಏನೂ ಆಗದಂತೆ ತಿರುಗುತ್ತಲೇ ಇತ್ತು. ಪರದೆಯ ಮೇಲೆ ಬಿಳಿಯ ಒಂದೇ ಸಾಲು ಬಂದು ನಿಂತಿತು: ಡಿಸ್ಕು ಸಿಗಲಿಲ್ಲ. ಕೈ ಹಾಕಿ ಡಿಸ್ಕು ಮುಟ್ಟಿದ, ತೋರುಬೆರಳು ಚುರ್ರೆಂದಿತು. ಆರಿಸಿದ, ಹಾಕಿದ, ಆರಿಸಿದ, ಹಾಕಿದ. ಅದೇ ಸಾಲು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು.

ಅವಳು ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಹೆಗಲಲ್ಲಿ ಚೀಲ, ಕೈಯಲ್ಲಿ ಮಾತ್ರೆಯ ಪೊಟ್ಟಣ. ಬಿಚ್ಚಿದ ತಗಡು, ನೆಲದ ಮೇಲೆ ಸ್ಕ್ರೂಗಳು, ಗಂಡನ ಬೆರಳು ಬಾಯಿಯಲ್ಲಿ. ಬೆರಳು ತೆಗೆದು ಅವನು ದಾರಿಯುದ್ದಕ್ಕೂ ಸಿದ್ಧ ಮಾಡದೆ ಇದ್ದ ಒಂದೇ ಒಂದು ಮಾತನ್ನು ಹೇಳಿದ. "ಕೆಟ್ಟಿತ್ತು. ನಿನಗೆ ತೊಂದರೆ ಆಗೋದು ಬೇಡ ಅಂತ ಹೊಸ ಪವರ್ ಸಪ್ಲೈ ತಂದು ಹಾಕಿದೆ."

ಅವಳು ಪಕ್ಕದಲ್ಲಿ ಮಂಡಿಯೂರಿದಳು. ಬಗ್ಗಿ, ಡಬ್ಬಿಯಿಂದ ಹೊರಟ ಕೇಬಲ್ಲಿನ ಮೇಲೆ ಬೆರಳಿಟ್ಟು, ಒಂದೊಂದು ಗಂಟನ್ನೂ ದಾಟಿ ಡಿಸ್ಕಿನವರೆಗೆ ಹೋದಳು. ಬೆರಳು ಅಲ್ಲಿ ನಿಂತಿತು. ಮೇಲಿನದರ ತಗಡು ಕಪ್ಪಾಗಿ ಉಬ್ಬಿತ್ತು, ಕೆಳಗಿನದೂ ಅಷ್ಟೇ. ಮೇಲಿನದು ಅವಳ ಕೆಲಸದ್ದು, ಕೆಳಗಿನದು ಅದರ ನಕಲು. ಎರಡನ್ನೂ ಒಂದೇ ಕೇಬಲ್ಲಿಗೆ ಕಟ್ಟಿದ್ದಳು.

"ಹಳೇ ಕೇಬಲ್ಲೇ ಹಾಕಿದ್ರಾ?"

"ಗಂಟು ಬಿಚ್ಚೋಕೆ ಬರ್ಲಿಲ್ಲ."

"ಕತ್ತರಿಸಬೇಕಿತ್ತು. ಕತ್ತರಿ ಇಲ್ಲೇ ಇತ್ತಲ್ಲ."

"ನೀನು ಕಟ್ಟಿದ್ದಲ್ವಾ," ಅಂದ ಅವನು.

ಅದು ನಿಜವೇ ಆಗಿತ್ತು. ಆದರೆ ಅವಳು ಕೇಳಿಸಿಕೊಂಡದ್ದು ಬೇರೆ. ಅವಳ ಮುಖದಲ್ಲಿ ಏನೋ ಕರಗಿದ್ದನ್ನು ಅವನು ನೋಡಿದ. ಅವಳು ಹೆಗಲ ಚೀಲದಿಂದ ಒಂದು ಪೆಟ್ಟಿಗೆ ತೆಗೆದು ನೆಲದ ಮೇಲಿಟ್ಟಳು. ಪೆಟ್ಟಿಗೆಯ ಮೇಲೆ ಪವರ್ ಸಪ್ಲೈ ಡಬ್ಬಿಯ ಚಿತ್ರವಿತ್ತು. "ಎರಡು ವಾರದಿಂದ ಆಗಾಗ ಆಫ್ ಆಗ್ತಿತ್ತು. ಇವತ್ತು ತರೋಣ ಅಂತಿದ್ದೆ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ, ಸೆರಗಿನಿಂದ ಒತ್ತಿಕೊಂಡಳು. ಆಮೇಲೆ ಅವನ ಸುಟ್ಟ ಬೆರಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿ, ಊದಿದಳು. "ಜ್ವರದಲ್ಲಿ ಎದ್ದು ಹೋಗಿ ಇದನ್ನ ತಂದ್ರಾ? ಮಾತ್ರೆಗೆ ಅಂದ್ರಲ್ಲ." ಅವನು ತಲೆ ತಗ್ಗಿಸಿದ. "ಹೋಗ್ಲಿ ಬಿಡಿ. ಮಿಲ್ಲಿಗೆ ಕೊಟ್ಟಿದ್ದೆಲ್ಲ ಅಲ್ಲಿದೆ. ಕೊಡದೇ ಇಟ್ಕೊಂಡಿದ್ದು ಹೋಯ್ತು. ಬರೆದ ಕೈ ಇದೆಯಲ್ಲ, ಮತ್ತೆ ಬರೆದ್ರಾಯ್ತು." ಇನ್ನೊಂದು ಕೈಯನ್ನು ಎತ್ತಿ ಅವನ ಹಣೆಯ ಮೇಲಿಟ್ಟಳು.

ಕೈ ತಂಪಾಗಿತ್ತು. ಬಚಾವಾದೆ ಎಂದು ಅವನಿಗೆ ಗೊತ್ತಾಯಿತು. ಬಚಾವಾದದ್ದಷ್ಟೇ ಅಲ್ಲ, ಹೆಂಡತಿಗಾಗಿ ಜ್ವರದಲ್ಲಿ ಊರು ಸುತ್ತಿದ, ಅವಳ ಗಂಟಿಗೆ ಕತ್ತರಿ ಹಾಕಲು ಮನಸ್ಸು ಬಾರದ ದಡ್ಡ ಗಂಡನಾಗಿ ಇನ್ನು ಮೇಲೆ ಈ ಮನೆಯಲ್ಲಿ ಬಾಳಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾಚಿಕೆ, ಕೃತಜ್ಞತೆ, ಪ್ರೀತಿ ಎಲ್ಲ ಒಟ್ಟಿಗೆ ನುಗ್ಗಿ ಬಂದು ಅವನ ಕಣ್ಣೂ ಒದ್ದೆಯಾಯಿತು. ಹಣೆಯ ಮೇಲಿನ ಕೈಯ ಅಡಿಯಿಂದ ಅವನು ಅವಳ ಮುಖ ನೋಡಿದ. ಹನ್ನೊಂದು ವರ್ಷದ ಕೆಲಸ ಹೋಗಿದೆ. ಹೋಗ್ಲಿ ಬಿಡಿ ಅಂದಳು. ಎಷ್ಟು ಬೇಗ ಅಂದಳು. ಅಷ್ಟು ಬೇಗ ಯಾರಾದರೂ ಹಾಗನ್ನುತ್ತಾರೆಯೇ? ಆ ಮುಖದಲ್ಲಿದ್ದದ್ದು ದುಃಖವೇ, ಅಥವಾ ದುಃಖದ ಕೆಳಗೆ ಸಣ್ಣದೊಂದು ನಿರಾಳವೇ? ಕೇಳಬಾರದು ಎಂದು ಅವನು ಹಲ್ಲು ಕಚ್ಚಿ ಹಿಡಿದ. ಹಿಡಿದೇ ಇದ್ದ.

"ಕೊಡಬಾರದ್ದು ಅಂತ ಒಂದಿತ್ತಲ್ಲ," ಅಂದ. "ಅದರಲ್ಲಿ ಏನಿತ್ತು?"

ಹಣೆಯ ಮೇಲಿನ ಕೈ ತಕ್ಷಣ ಹೋಗಲಿಲ್ಲ. ಅದು ಅಲ್ಲೇ ಇದ್ದು, ಜ್ವರವಿಲ್ಲದ ಹಣೆಯನ್ನು ಈಗಷ್ಟೇ ಮುಟ್ಟಿ ತಿಳಿದುಕೊಂಡಂತೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಕೆಳಗಿಳಿಯಿತು. ಇನ್ನೊಂದು ಕೈಯಲ್ಲಿದ್ದ ಅವನ ಬೆರಳನ್ನು ಅವಳು ನೆಲದ ಮೇಲೆ ಇಡುವಂತೆ ಮೆಲ್ಲಗೆ ಬಿಟ್ಟಳು.

"ಇವತ್ತು ಮಷಿನ್ ಕೆಟ್ಟಾಗ ಅದರ ಮುಂದೆ ಕೂತಿದ್ದು ನೀವೇನಾ?"

ಅವನು ಅವಳ ಕಣ್ಣನ್ನು ನೋಡಬೇಕೆಂದುಕೊಂಡ, ನೆಲ ನೋಡಿದ. ಮೊಳೆ ಅಂಗಡಿಯವನು ನೋಡಿದ ಹಾಗೆ.

"ಏನಿತ್ತು ಹೇಳು," ಅಂದ, ಈ ಸಲ ಬಹಳ ಸಣ್ಣ ದನಿಯಲ್ಲಿ. ನಿಜವಾಗಿ ಬೇಡಿಕೊಂಡ.

ಅವಳು ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡಳು. ಒಂದೊಂದೇ ಗಂಟನ್ನು ಕತ್ತರಿಸಿದಳು. ಏಳೂ ಮುಗಿದವು. ಕೇಬಲ್ಲು ಸಡಿಲವಾಗಿ ಕೆಳಗೆ ಬಿತ್ತು.

"ಇನ್ನು ಮೇಲೆ ನೀವೇ ಹೇಳಿ," ಅಂದಳು. "ನೀವು ಏನಿತ್ತು ಅಂತೀರೋ ಅದೇ ಇತ್ತು. ಇಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಅವಳು ಎದ್ದು ಕುರ್ಚಿಯಲ್ಲಿ ಕೂತಳು, ಅವನು ಬೆಳಿಗ್ಗೆ ಕೂತಿದ್ದ ಕುರ್ಚಿಯಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಹೊರಗೆ ಹೊತ್ತು ಇಳಿಯತೊಡಗಿ ಕೋಣೆ ಮಬ್ಬಾಗುವವರೆಗೂ ಹಾಗೇ ಕೂತಿದ್ದಳು. ಅವನು ಎದ್ದು, ಚದುರಿದ ಸ್ಕ್ರೂಗಳನ್ನು ದಾಟಿ ಬಾಗಿಲ ಹತ್ತಿರ ಬಂದ. ಕೈ ತನ್ನ ಪಾಡಿಗೆ ತಾನು ಗೋಡೆಯ ಸ್ವಿಚ್ಚಿನ ಮೇಲೆ ಹೋಗಿತ್ತು. ದೀಪ ಹಾಕಲಿಲ್ಲ, ಕೈ ತೆಗೆಯಲೂ ಆಗದೆ ಅಲ್ಲೇ ನಿಂತ.